ಹಾಸಿಗೆ ಕೊಳ್ಳುವಾಗ ಬೆನ್ನನ್ನು ಕೇಳುವುದೇನು, ಅಂಗಡಿಯವರನ್ನು ಕೇಳುವುದೇನು

ಹಾಸಿಗೆ ಅಂಗಡಿಗೆ ಹೊಕ್ಕವರು ಮೊದಲು ಅಂಗೈಯಿಂದ ಒತ್ತಿ ನೋಡುತ್ತಾರೆ. ಆಮೇಲೆ ಅಂಚಿನಲ್ಲಿ ಕೂತು ಎರಡು ಸಲ ಕುಲುಕುತ್ತಾರೆ. ಮೂರನೆಯದಾಗಿ ಬೆಲೆ ಕೇಳುತ್ತಾರೆ. ಅಲ್ಲಿಗೆ ಪರೀಕ್ಷೆ ಮುಗಿಯಿತು. ಮುಂದಿನ ಎಂಟು ಹತ್ತು ವರ್ಷ, ದಿನಕ್ಕೆ ಏಳೆಂಟು ಗಂಟೆ ಮೈ ಚಾಚುವ ವಸ್ತುವನ್ನು ಹೀಗೆ ಆರಿಸಿದರೆ, ಮನೆಗೆ ಬಂದ ಮೇಲೆ ‘ಅಂಗಡಿಯಲ್ಲಿ ಹೀಗಿರಲಿಲ್ಲವಲ್ಲ’ ಅನ್ನಿಸದೆ ಇನ್ನೇನು?

ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಎಂದುಕೊಳ್ಳುವುದರಿಂದ ಗೊಂದಲ ಶುರುವಾಗುತ್ತದೆ. ಈ ಹಾಸಿಗೆ ನನ್ನ ಮೈಗೆ ಹಿತವಾಗಿದೆಯೇ ಎಂಬುದು ಒಂದು. ಆ ಹಿತ ಐದು ವರ್ಷ ಕಳೆದ ಮೇಲೂ ಉಳಿಯುತ್ತದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಹೇಳಬಲ್ಲದ್ದು ನಿಮ್ಮ ಬೆನ್ನು ಮಾತ್ರ. ಕಂಪನಿಯ ಹೆಸರಾಗಲಿ ಗೆಳೆಯರ ಶಿಫಾರಸಾಗಲಿ ಅಲ್ಲಿ ನಡೆಯುವುದಿಲ್ಲ. ಎರಡನೆಯದನ್ನು ಬೆನ್ನು ಹೇಳಲಾರದು, ಏಕೆಂದರೆ ಹೊಸದರಲ್ಲಿ ತೀರಾ ಅಗ್ಗದ ಫೋಮೂ ಹಿತವಾಗಿಯೇ ಇರುತ್ತದೆ. ಅದಕ್ಕೆ ಒಳಗಿನ ವಸ್ತು, ಡೆನ್ಸಿಟಿ (ಸಾಂದ್ರತೆ), ತೂಕ, ವಾರಂಟಿ ಕಾಗದ ಇವನ್ನು ನೋಡಬೇಕು. ಹತ್ತಿರದ ಅಂಗಡಿಗೆ ಹೋಗಿ ಕೊಳ್ಳುವುದರ ಲಾಭ ಇರುವುದು ಈ ಎರಡಕ್ಕೂ ಒಂದೇ ಕಡೆ ಉತ್ತರ ಸಿಗುತ್ತದೆ ಎನ್ನುವುದರಲ್ಲಿ. ಮಲಗಿಯೂ ನೋಡದೆ, ಕೇಳಿಯೂ ತಿಳಿಯದೆ ಬರುವುದಾದರೆ ಆನ್‌ಲೈನ್‌ನಲ್ಲೇ ತರಿಸಬಹುದು.

ಮೊದಲು ನಿಮ್ಮ ಅಗತ್ಯದ ಲೆಕ್ಕ

ಹೇಗೆ ಮಲಗುತ್ತೀರಿ ಎಂಬುದರಿಂದ ಶುರು ಮಾಡಿ. ಮಗ್ಗುಲಾಗಿ ಮಲಗುವವರ ಭಾರವೆಲ್ಲ ಭುಜ ಮತ್ತು ಸೊಂಟದ ಮೇಲೆ ಬೀಳುತ್ತದೆ. ಆ ಎರಡು ಕಡೆ ಹಾಸಿಗೆ ಸ್ವಲ್ಪ ಒಳಗೆ ಬಿಟ್ಟುಕೊಡದಿದ್ದರೆ ತೋಳು ಜೋಮು ಹಿಡಿಯುತ್ತದೆ. ಇಂಥವರಿಗೆ ತುಸು ಮೆತ್ತನೆಯದು ಒಗ್ಗುತ್ತದೆ. ಅಂಗಾತ ಮಲಗುವವರಿಗೆ ಮಧ್ಯಮ ಗಟ್ಟಿ ಸಾಕು. ಬೋರಲು ಮಲಗುವವರಿಗೆ ಮಾತ್ರ ನಿಜಕ್ಕೂ ಗಟ್ಟಿ ಬೇಕು. ಮೆತ್ತನೆಯದರಲ್ಲಿ ಹೊಟ್ಟೆಯ ಭಾಗ ಕುಸಿದು ನಡು ಹಿಂದಕ್ಕೆ ಬಾಗಿ, ಬೆಳಿಗ್ಗೆ ಏಳುವಾಗ ಹಿಡಿದುಕೊಳ್ಳುತ್ತದೆ.

ಮೈತೂಕದ್ದು ಎರಡನೆಯ ಮಾತು. ಐವತ್ತು ಕೆ.ಜಿ.ಯವರು ಗಟ್ಟಿ ಎನ್ನುವ ಹಾಸಿಗೆಯನ್ನೇ ತೊಂಬತ್ತೈದು ಕೆ.ಜಿ.ಯವರು ಮೆತ್ತಗಿದೆ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಹಾಗಾಗಿ ಬೇರೆಯವರ ಅಭಿಪ್ರಾಯ ಓದುವಾಗ ಅವರ ತೂಕ ಎಷ್ಟಿರಬಹುದು, ಹೇಗೆ ಮಲಗುತ್ತಾರೆ ಎಂಬುದು ಗೊತ್ತಿಲ್ಲದಿದ್ದರೆ, ‘ತುಂಬಾ ಚೆನ್ನಾಗಿದೆ’ ಎಂಬ ಮಾತಿನಿಂದ ನಿಮಗೇನೂ ದಕ್ಕುವುದಿಲ್ಲ.

ಬೆನ್ನುನೋವಿನವರಿಗೆ ಗಟ್ಟಿ ಹಾಸಿಗೆಯೇ ಆಗಬೇಕು, ಸಾಧ್ಯವಾದರೆ ಹಲಗೆಯ ಮೇಲೇ ಮಲಗಬೇಕು ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿ ಕೂತಿದೆ. ಸ್ಪೇನ್‌ನಲ್ಲಿ ದೀರ್ಘಕಾಲದ ಕೆಳಬೆನ್ನು ನೋವಿದ್ದ 313 ಮಂದಿಯ ಮೇಲೆ ನಡೆದ ಒಂದು ಪ್ರಯೋಗ 2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೆಲವರಿಗೆ ಗಟ್ಟಿ ಹಾಸಿಗೆ, ಉಳಿದವರಿಗೆ ಮಧ್ಯಮ ಗಟ್ಟಿಯದು ಕೊಟ್ಟು 90 ದಿನ ಬಿಟ್ಟು ನೋಡಿದಾಗ, ಮಧ್ಯಮ ಗಟ್ಟಿಯ ಮೇಲೆ ಮಲಗಿದವರಲ್ಲೇ ನೋವು ಹೆಚ್ಚು ತಗ್ಗಿತ್ತು. ಇದು ನಿರ್ದಿಷ್ಟ ಕಾರಣ ಕಾಣದ ನೋವಿನ ಮಾತು. ಡಿಸ್ಕ್ ಜಾರಿದವರು, ಶಸ್ತ್ರಚಿಕಿತ್ಸೆ ಆದವರು ಮೊದಲು ತಮ್ಮ ವೈದ್ಯರನ್ನು ಕೇಳಲಿ. ಅಂಗಡಿಯಲ್ಲಿ ‘ಆರ್ಥೋಪೆಡಿಕ್’ ಎಂದು ಅಚ್ಚು ಹಾಕಿದ ಹಾಸಿಗೆ ಕಂಡರೆ, ಅದನ್ನು ಯಾರೋ ಮೂಳೆ ವೈದ್ಯರು ಪರೀಕ್ಷಿಸಿದ್ದಾರೆ ಎಂದುಕೊಳ್ಳಬೇಡಿ. ಬಹಳ ಸಲ ಅದು ‘ಗಟ್ಟಿ’ ಎನ್ನುವುದಕ್ಕೆ ಇಟ್ಟ ದುಬಾರಿ ಹೆಸರು.

ಇನ್ನು ಜೊತೆಯಲ್ಲಿ ಯಾರು ಮಲಗುತ್ತಾರೆ? ಒಬ್ಬರು ರಾತ್ರಿಯೆಲ್ಲ ಮಗ್ಗುಲು ಬದಲಿಸುವವರು, ಇನ್ನೊಬ್ಬರದು ಸೂಕ್ಷ್ಮ ನಿದ್ದೆ ಎಂದಾದರೆ ಅಲುಗಾಟ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯದ ಹಾಸಿಗೆ ಬೇಕು. ಮೈ ಬೇಗ ಬಿಸಿಯಾಗಿ ಬೆವರುವವರಿಗೆ ಗಾಳಿಯಾಡುವುದೇ ಮುಖ್ಯ. ಮಂಡಿನೋವಿನ ಹಿರಿಯರಿದ್ದರೆ ಮಂಚ ಮತ್ತು ಹಾಸಿಗೆ ಸೇರಿ ಎಷ್ಟು ಎತ್ತರ ಆಗುತ್ತದೆ ನೋಡಿ: ಅಂಚಿನಲ್ಲಿ ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಅಂಚು ಕುಸಿಯಬಾರದು. ಎಳೆ ಕೂಸುಗಳ ವಿಷಯದಲ್ಲಿ ಆಯ್ಕೆಗೆ ಜಾಗವೇ ಇಲ್ಲ. ಅವಕ್ಕೆ ಗಟ್ಟಿಯಾದ, ಸಮತಟ್ಟಾದ, ಪ್ರತ್ಯೇಕ ಹಾಸು ಬೇಕು; ಮುಖ ಹೂತುಹೋಗುವಷ್ಟು ಮೆತ್ತನೆಯದು ಉಸಿರಿಗೇ ಅಪಾಯ.

ಪದೇ ಪದೇ ಮನೆ ಬದಲಿಸುವವರು ತೂಕವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ. ಎರಡಾಳು ಎತ್ತಲಾಗದ ಹಾಸಿಗೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಾಗ ಅದರ ಗುಣಮಟ್ಟದ ಬಗ್ಗೆ ಯಾರಿಗೂ ಒಳ್ಳೆಯ ಮಾತು ಬರುವುದಿಲ್ಲ.

ಒಳಗೇನಿದೆ?

ಹತ್ತಿಯಿಂದ ಶುರು ಮಾಡೋಣ. ಹತ್ತಿ ಹಾಸಿಗೆ ಗಾಳಿಯಾಡುತ್ತದೆ, ಮೈ ಬಿಸಿಯಾಗುವುದಿಲ್ಲ, ರಾಸಾಯನಿಕದ ವಾಸನೆ ಇಲ್ಲ. ತೊಂದರೆ ಅದರ ಸ್ವಭಾವದಲ್ಲೇ ಇದೆ: ಹತ್ತಿ ತೇವ ಹೀರುತ್ತದೆ, ಒತ್ತಿಕೊಳ್ಳುತ್ತದೆ, ಗಂಟು ಕಟ್ಟುತ್ತದೆ. ಕೆಲವು ತಿಂಗಳಲ್ಲೇ ಸೊಂಟದ ಜಾಗದಲ್ಲಿ ತಗ್ಗು ಬೀಳುತ್ತದೆ. ಆಗಾಗ ಬಿಸಿಲಿಗೆ ಹಾಕಬೇಕು, ಕೆಲ ವರ್ಷಕ್ಕೊಮ್ಮೆ ಬಿಚ್ಚಿಸಿ ಹತ್ತಿ ಹಿಂಜಿಸಿ ಮತ್ತೆ ತುಂಬಿಸಬೇಕು. ಹಾಗೆ ಮಾಡಿಸಿಕೊಳ್ಳುವ ವ್ಯವಸ್ಥೆ ಇದ್ದವರಿಗೆ ಇದರಷ್ಟು ಅಗ್ಗದ ಹೊಸತನ ಇನ್ನೊಂದಿಲ್ಲ, ಏಕೆಂದರೆ ಅದೇ ಹತ್ತಿ ಮರಳಿ ಬಳಕೆಗೆ ಬರುತ್ತದೆ. ಬೂರುಗದ ಹತ್ತಿ ಬೇರೆಯೇ ಜಾತಿ. ಎಳೆಯ ಒಳಗೆ ಟೊಳ್ಳು, ಮೇಲೆ ಮೇಣದ ಲೇಪ. ನೀರು ಹೀರದು, ಬಹಳ ಹಗುರ. ಹಿಂದೆ ಜೀವರಕ್ಷಕ ಜಾಕೆಟ್‌ಗಳಲ್ಲಿ ಅದನ್ನೇ ತುಂಬುತ್ತಿದ್ದರು. ಆದರೆ ಎಳೆ ಪೆಡಸು, ಕಾಲಕ್ರಮದಲ್ಲಿ ಪುಡಿಯಾಗುತ್ತದೆ, ಆ ಪುಡಿ ದಮ್ಮಿನವರಿಗೆ ಆಗಿಬರುವುದಿಲ್ಲ.

ತೆಂಗಿನ ನಾರಿನ, ಅಂದರೆ ಕಾಯರ್ ಹಾಸಿಗೆ ಗಟ್ಟಿ ಬಯಸುವವರಿಗೆ, ಕಡಿಮೆ ಬಜೆಟ್‌ನವರಿಗೆ. ಸುರುಳಿ ಮಾಡಿದ ನಾರಿನ ಮೇಲೆ ರಬ್ಬರ್ ಹಾಲು ಸಿಂಪಡಿಸಿ, ಒತ್ತಿ, ಕಾಯಿಸಿ ಹಾಳೆ ಮಾಡುತ್ತಾರೆ. ನಾರಿನ ನಡುವೆ ಗಾಳಿ ಸಲೀಸಾಗಿ ಓಡಾಡುವುದರಿಂದ ಸೆಕೆಗೆ ಒಳ್ಳೆಯದು. ಒತ್ತಿದರೆ ಪುಟಿಯುವ ಗುಣ ಮಾತ್ರ ಕಡಿಮೆ. ಮಗ್ಗುಲಾಗಿ ಮಲಗುವ ತೆಳ್ಳಗಿನವರಿಗೆ ಇದು ಭುಜಕ್ಕೆ ಚುಚ್ಚಿದಂತಾಗುತ್ತದೆ. ವರ್ಷಗಳು ಕಳೆದಂತೆ ರಬ್ಬರಿನ ಹಿಡಿತ ಸಡಿಲವಾಗಿ ನಾರು ಉದುರಲು ಶುರುವಾಗುತ್ತದೆ, ಮಧ್ಯದಲ್ಲಿ ತಗ್ಗು ಬಿದ್ದರೆ ಮತ್ತೆ ಏಳುವುದಿಲ್ಲ. ಮೇಲೆ ಒಂದೆರಡು ಇಂಚು ಒಳ್ಳೆಯ ಫೋಮ್ ಇರುವ ಕಾಯರ್ ಬರಿಯ ಕಾಯರ್‌ಗಿಂತ ಮೈಗೆ ಎಷ್ಟೋ ವಾಸಿ.

ಈಗ ಫೋಮ್. ಅಂಗಡಿಯಲ್ಲಿ ಅತಿ ಹೆಚ್ಚು ಕಾಣುವುದೂ, ಅತಿ ಹೆಚ್ಚು ಯಾಮಾರಿಸುವುದೂ ಇದೇ. ಪಾಲಿಯುರೆಥೇನ್ ಫೋಮ್ ಎಂಬ ಒಂದೇ ಹೆಸರಿನ ಕೆಳಗೆ ಎರಡು ವರ್ಷದಲ್ಲಿ ಹಪ್ಪಳವಾಗುವ ಹಾಸಿಗೆಯೂ ಹತ್ತು ವರ್ಷ ಬಾಳುವ ಹಾಸಿಗೆಯೂ ಇವೆ. ವ್ಯತ್ಯಾಸ ತಿಳಿಯುವುದು ಡೆನ್ಸಿಟಿಯಿಂದ, ಅಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕೆ.ಜಿ. ತೂಗುತ್ತದೆ ಎಂಬುದರಿಂದ. 20ರ ಆಸುಪಾಸಿನದ್ದು ಅಪರೂಪಕ್ಕೆ ಬರುವ ಅತಿಥಿಗಳಿಗೆ ಸಾಕು. ದಿನವೂ ಮಲಗುವುದಕ್ಕೆ 28ರಿಂದ 32 ಬೇಕು. ಭಾರದ ಮೈಯವರಿಗೆ, ಹೆಚ್ಚು ವರ್ಷ ಬಾಳಬೇಕು ಎನ್ನುವವರಿಗೆ 40 ಅಥವಾ ಅದಕ್ಕಿಂತ ಮೇಲಿನದು. ‘ಎಚ್‌ಆರ್ ಫೋಮ್’ (ಹೈ ರೆಸಿಲಿಯನ್ಸ್) ಎಂದು ಕರೆಯುವ, ಒತ್ತಿ ಬಿಟ್ಟರೆ ಚಟ್ಟನೆ ಪುಟಿಯುವ ಬಗೆ ಸಾಮಾನ್ಯವಾಗಿ ಈ ಮೇಲಿನ ಸಾಲಿನಲ್ಲೇ ಸಿಗುತ್ತದೆ.

ಡೆನ್ಸಿಟಿ ಹೆಚ್ಚಿದ್ದರೆ ಹಾಸಿಗೆ ಗಟ್ಟಿ ಎಂದಲ್ಲ. ಒಂದೇ ಡೆನ್ಸಿಟಿಯ ಫೋಮನ್ನು ಮೆತ್ತಗೂ ಮಾಡಬಹುದು, ಗಟ್ಟಿಯಾಗಿಯೂ ಮಾಡಬಹುದು. ಗಟ್ಟಿತನ ನಿಮ್ಮ ಬೆನ್ನಿನ ಆಯ್ಕೆ; ಡೆನ್ಸಿಟಿ ಎಷ್ಟು ವರ್ಷ ಬಾಳುತ್ತದೆ ಎಂಬುದರ ಸುಳಿವು. ಮಾರುವವರೇ ಎಷ್ಟೋ ಸಲ ಇವೆರಡನ್ನು ಕಲಸಿ ಹೇಳುತ್ತಾರೆ.

ಹೇಳಿದ ಡೆನ್ಸಿಟಿ ನಿಜವೇ ಎಂದು ಅಂಗಡಿಯಲ್ಲೇ ಪರೀಕ್ಷಿಸಲು ಒಂದು ಸುಲಭ ದಾರಿಯಿದೆ, ಬೇಕಾಗುವುದು ತಕ್ಕಡಿ ಮತ್ತು ಟೇಪು. 190 ಸೆಂ.ಮೀ. ಉದ್ದ, 150 ಸೆಂ.ಮೀ. ಅಗಲ, 15 ಸೆಂ.ಮೀ. ದಪ್ಪದ ಹಾಸಿಗೆ ಎಂದಿಟ್ಟುಕೊಳ್ಳಿ. 1.9 × 1.5 × 0.15, ಅಂದರೆ ಸುಮಾರು 0.43 ಘನ ಮೀಟರ್. ಪೂರ್ತಿ 32 ಡೆನ್ಸಿಟಿಯ ಫೋಮ್ ಎಂದು ಹೇಳಿದರೆ, ಹೊದಿಕೆಯ ಒಂದೆರಡು ಕೆ.ಜಿ. ಬಿಟ್ಟು, ಒಳಗಿನದು ಹದಿಮೂರೂವರೆಯಿಂದ ಹದಿನಾಲ್ಕು ಕೆ.ಜಿ. ತೂಗಬೇಕು. ಹೊದಿಕೆ ಕಳೆದು ಒಂಬತ್ತೇ ಉಳಿದರೆ ಅದು 20ರ ಆಸುಪಾಸಿನ ಫೋಮ್. ಎಲ್ಲ ಅಂಗಡಿಯಲ್ಲೂ ತೂಗಲು ಬಿಡುವುದಿಲ್ಲ ನಿಜ, ಆದರೆ ‘ತೂಗಿ ನೋಡಬಹುದೇ’ ಎಂದು ಕೇಳಿದ ಕೂಡಲೇ ಮಾತಿನ ಧಾಟಿ ಬದಲಾಗುವುದನ್ನು ನೀವೇ ಕಾಣುತ್ತೀರಿ.

ಈ ಲೆಕ್ಕಕ್ಕೆ ಒಂದು ಅಪವಾದ ರೀಬಾಂಡೆಡ್ ಫೋಮ್. ಫೋಮಿನ ಚೂರುಗಳನ್ನು ಅಂಟು ಹಾಕಿ ಒತ್ತಿ ಮಾಡಿದ್ದು. ಅಡ್ಡಲಾಗಿ ಕೊಯ್ದರೆ ಬಣ್ಣ ಬಣ್ಣದ ತುಣುಕುಗಳು ಕಾಣುತ್ತವೆ. ಭಾರ ಬಹಳ, ಗಟ್ಟಿಯೂ ಹೌದು, ಕೆಳಪದರಕ್ಕೆ ಚೆನ್ನ. ತೂಕ ನೋಡಿ ಇದನ್ನೇ ಉತ್ತಮ ಫೋಮ್ ಎಂದುಕೊಳ್ಳಬಾರದು, ಹಾಗಂತ ರೀಬಾಂಡೆಡ್ ಅಂದರೆ ಮೋಸ ಎಂದೂ ತಳ್ಳಿಹಾಕಬಾರದು. ಗಟ್ಟಿ ಹಾಸಿಗೆ ಬೇಕು, ಕಾಯರ್ ಬೇಡ ಎನ್ನುವವರಿಗೆ ರೀಬಾಂಡೆಡ್ ಮೇಲೆ ಎರಡು ಇಂಚು ಎಚ್‌ಆರ್ ಫೋಮ್ ಇರುವ ಜೋಡಣೆ ಕೊಟ್ಟ ದುಡ್ಡಿಗೆ ಸಲ್ಲುತ್ತದೆ.

ಸ್ಪ್ರಿಂಗ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಬಾನೆಲ್ ಎನ್ನುವುದು ಹಳೆಯದು: ಮೇಲೆ ಕೆಳಗೆ ಅಗಲ, ನಡುವೆ ಸಣ್ಣ ಇರುವ ಸುರುಳಿಗಳನ್ನು ತಂತಿಯಿಂದ ಒಂದಕ್ಕೊಂದು ಹೆಣೆದಿರುತ್ತಾರೆ. ಒಂದು ಅಲುಗಿದರೆ ಪಕ್ಕದವೂ ಅಲುಗುತ್ತವೆ. ಪಾಕೆಟ್ ಸ್ಪ್ರಿಂಗ್‌ನಲ್ಲಿ ಪ್ರತಿ ಸುರುಳಿಗೂ ಬಟ್ಟೆಯ ಪ್ರತ್ಯೇಕ ಚೀಲ. ಕೆನಡಾದ ಜೇಮ್ಸ್ ಮಾರ್ಷಲ್ ಸುಮಾರು 1900ರ ಹೊತ್ತಿಗೆ ಇದಕ್ಕೆ ರೂಪ ಕೊಟ್ಟರು. ಒಂದು ಸುರುಳಿ ತಗ್ಗಿದರೆ ಪಕ್ಕದ್ದು ತನ್ನ ಪಾಡಿಗೆ ಇರುತ್ತದೆ. ಇಬ್ಬರು ಮಲಗುವ ಹಾಸಿಗೆಗೆ ಬಾನೆಲ್ ಬೇಡ ಎಂದೇ ನನ್ನ ಅಭಿಪ್ರಾಯ; ಉಳಿಸಿದ ದುಡ್ಡನ್ನು ರಾತ್ರಿ ರಾತ್ರಿ ಎಚ್ಚರವಾಗಿ ಕಟ್ಟಬೇಕಾಗುತ್ತದೆ. ಒಬ್ಬರೇ ಮಲಗುವ ಕೋಣೆಗಾದರೆ ಅಡ್ಡಿಯಿಲ್ಲ.

ಸ್ಪ್ರಿಂಗ್‌ಗಳ ಸಂಖ್ಯೆ ಹೇಳಿ ಮರುಳು ಮಾಡುವುದು ಹಳೆಯ ಚಾಳಿ. ಮೇಲ್ಪದರದ ಕಿರುಬೆರಳಿನಷ್ಟು ಪುಟ್ಟ ಸುರುಳಿಗಳನ್ನೂ ಎಣಿಕೆಗೆ ಸೇರಿಸಿ ಸಾವಿರಗಟ್ಟಲೆ ಹೇಳುತ್ತಾರೆ. ತಂತಿಯ ಗೇಜ್ ಕೇಳಿ: ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ತಂತಿ ದಪ್ಪ, ಸ್ಪ್ರಿಂಗ್ ಗಟ್ಟಿ. ಅದಕ್ಕಿಂತ ಮುಖ್ಯವಾದದ್ದು ಸ್ಪ್ರಿಂಗ್‌ನ ಮೇಲೆ ಏನಿದೆ ಎಂಬುದು. ಉಕ್ಕಿನ ಸುರುಳಿ ಸೋಲುವುದಕ್ಕೆ ಬಹಳ ಮೊದಲೇ ಅದರ ಮೇಲಿನ ಅಗ್ಗದ ಫೋಮ್ ಕೂತುಬಿಡುತ್ತದೆ, ‘ಸ್ಪ್ರಿಂಗ್ ಹೋಯ್ತು’ ಎಂದು ನಾವು ಸ್ಪ್ರಿಂಗನ್ನು ಬೈಯುತ್ತೇವೆ.

ಮೆಮೊರಿ ಫೋಮ್ ಹುಟ್ಟಿದ್ದು 1966ರಲ್ಲಿ, ನಾಸಾಗಾಗಿ ವಿಮಾನದ ಆಸನಗಳ ಮೆತ್ತೆ ಸುಧಾರಿಸುವ ಕೆಲಸದಲ್ಲಿ. ಚಾರ್ಲ್ಸ್ ಯೋಸ್ಟ್ ಎಂಬ ಎಂಜಿನಿಯರ್ ಅದನ್ನು ಮಾಡಿದರು. ಮೈಯ ಬಿಸಿ ಮತ್ತು ಭಾರಕ್ಕೆ ಕರಗಿದಂತೆ ಬಗ್ಗಿ, ಒತ್ತಡವನ್ನು ಹಂಚುತ್ತದೆ. ಮಗ್ಗುಲಾಗಿ ಮಲಗಿ ಭುಜ ನೋಯುವವರಿಗೆ ಇದು ವರದಾನ, ಜೊತೆಗಾರರ ಅಲುಗಾಟವೂ ಬಹುತೇಕ ತಿಳಿಯುವುದಿಲ್ಲ. ಬೆಲೆ ತೆರುವುದು ಬೇರೆ ಕಡೆ. ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ‘ಕೂಲ್ ಜೆಲ್’ ಪದರ ಮಲಗಿದ ಹೊಸತರಲ್ಲಿ ತಂಪೆನಿಸಿ ಆಮೇಲೆ ಮೈಯ ಬಿಸಿಗೇ ಬರುತ್ತದೆ. ಚಳಿಯಲ್ಲಿ ಗಟ್ಟಿಯಾಗುತ್ತದೆ, ಸೆಕೆಯಲ್ಲಿ ಮೆತ್ತಗಾಗುತ್ತದೆ, ಹಾಗಾಗಿ ಎ.ಸಿ. ಹಾಕಿದ ಅಂಗಡಿಯಲ್ಲಿ ಮಲಗಿ ನೋಡಿದ್ದಕ್ಕೂ ನಿಮ್ಮ ಕೋಣೆಗೂ ತಾಳೆಯಾಗದೆ ಹೋಗಬಹುದು. ಕುಳಿಯೊಳಗೆ ಕೂತಂತಾಗುವುದರಿಂದ ಹಿರಿಯರಿಗೆ ಮಗ್ಗುಲು ಬದಲಿಸುವುದು ಕಷ್ಟ. ಕೊಳ್ಳುವುದಾದರೆ 50 ಡೆನ್ಸಿಟಿಗಿಂತ ಕೆಳಗಿನದು ಬೇಡ, ಎರಡು ಮೂರು ಇಂಚಿನ ಪದರ ಸಾಕು.

ಲ್ಯಾಟೆಕ್ಸ್ ರಬ್ಬರ್ ಹಾಲಿನಿಂದ ಆದದ್ದು. ಹಾಲನ್ನು ನೊರೆ ಎಬ್ಬಿಸಿ ಅಚ್ಚಿಗೆ ಸುರಿದು ಬೇಯಿಸುವ ಡನ್‌ಲಪ್ ವಿಧಾನ 1929ರದ್ದು. ನಿರ್ವಾತದಲ್ಲಿ ಹಿಗ್ಗಿಸಿ, ಹೆಪ್ಪುಗಟ್ಟಿಸಿ ಆಮೇಲೆ ಬೇಯಿಸುವ ಟಲಲೆ ಆಮೇಲಿನದು. ಡನ್‌ಲಪ್ ತುಸು ಗಟ್ಟಿ, ಟಲಲೆ ಹಗುರ ಮತ್ತು ಹೆಚ್ಚು ಸಮ. ಪುಟಿಯುವ ಗುಣ, ಸೂಜಿರಂಧ್ರಗಳಿಂದ ಗಾಳಿಯಾಟ, ಬಾಳಿಕೆ ಮೂರರಲ್ಲೂ ಇದು ಮುಂದಿದೆ. ಮಧ್ಯಮ ಫೋಮ್ ಏಳೆಂಟು ವರ್ಷಕ್ಕೆ ದಣಿದರೆ ಒಳ್ಳೆಯ ಲ್ಯಾಟೆಕ್ಸ್ ಹನ್ನೆರಡು ಹದಿನೈದು ವರ್ಷ ಬರುತ್ತದೆ. ಹಾಗಾಗಿ ಬೆಲೆ ಹೋಲಿಸುವಾಗ ವರ್ಷಕ್ಕೆ ಎಷ್ಟು ಬಿತ್ತು ಎಂದು ಭಾಗಿಸಿ ನೋಡಿದರೆ ಅದು ಮೊದಲ ನೋಟಕ್ಕೆ ಕಂಡಷ್ಟು ದುಬಾರಿ ಅಲ್ಲ. ಭಾರ ಮಾತ್ರ ವಿಪರೀತ. ರಬ್ಬರ್ ಅಲರ್ಜಿ ಇರುವವರು ದೂರವಿದ್ದರೆ ಲೇಸು.

ಬೆಲೆ ಹೆಚ್ಚಿದಲ್ಲಿ ಕಲಬೆರಕೆಯೂ ಹೆಚ್ಚು. ‘ಲ್ಯಾಟೆಕ್ಸ್ ಹಾಸಿಗೆ’ ಎಂದು ಮಾರುವ ಎಷ್ಟೋ ಹಾಸಿಗೆಗಳಲ್ಲಿ ಲ್ಯಾಟೆಕ್ಸ್ ಇರುವುದು ಮೇಲಿನ ಒಂದು ಇಂಚು, ಕೆಳಗೆ ಐದು ಇಂಚು ಸಾಧಾರಣ ಫೋಮ್. ಮೇಲಿನ ತೂಕದ ಲೆಕ್ಕ ಇಲ್ಲಿಯೂ ನೆರವಿಗೆ ಬರುತ್ತದೆ. ಶುದ್ಧ ಲ್ಯಾಟೆಕ್ಸ್‌ನ ಡೆನ್ಸಿಟಿ 65ರಿಂದ 95ರ ನಡುವೆ. 80 ಎಂದು ಹಿಡಿದರೂ ಅದೇ ಅಳತೆಯ ಹಾಸಿಗೆ ಮೂವತ್ತನಾಲ್ಕು ಕೆ.ಜಿ. ಆಸುಪಾಸು ತೂಗಬೇಕು. ಒಬ್ಬರೇ ಹೆಗಲಿಗೇರಿಸಿಕೊಂಡು ನಡೆದುಬಿಟ್ಟರೆ ಅದು ಪೂರ್ತಿ ಲ್ಯಾಟೆಕ್ಸ್ ಅಲ್ಲವೇ ಅಲ್ಲ. ‘ನ್ಯಾಚುರಲ್’ ಎಂಬ ಮಾತಿಗಿಂತ ಪ್ರಮಾಣಪತ್ರ ನೋಡಿ: ಗೋಲ್ಸ್ (GOLS, ಸಾವಯವ ಲ್ಯಾಟೆಕ್ಸ್‌ನ ಜಾಗತಿಕ ಮಾನದಂಡ) ಮುದ್ರೆ ಇದ್ದರೆ 95 ಶೇಕಡಕ್ಕಿಂತ ಹೆಚ್ಚು ಸಾವಯವ ರಬ್ಬರ್ ಎಂದರ್ಥ, ಓಯಿಕೊ-ಟೆಕ್ಸ್ ಮುದ್ರೆ ಹಾನಿಕಾರಕ ವಸ್ತುಗಳ ಪರೀಕ್ಷೆಗೆ ಸಂಬಂಧಿಸಿದ್ದು, ಸಾವಯವಕ್ಕಲ್ಲ.

ಎಲ್ಲಿ ಕೊಳ್ಳುವುದು?

ಒಂದೇ ಕಂಪನಿಯ ಶೋರೂಮ್‌ನಲ್ಲಿ ಎಲ್ಲ ಮಾದರಿಗಳ ಮೇಲೂ ಮಲಗಬಹುದು, ಒಳಪದರ ತೋರಿಸುವ ಕೊಯ್ದ ತುಂಡುಗಳೂ ಇರುತ್ತವೆ. ಆದರೆ ಅವರ ಬಳಿ ಇಲ್ಲದ ಬಗೆಯ ಬಗ್ಗೆ ಒಳ್ಳೆಯ ಮಾತು ಕೇಳುವ ಆಸೆ ಬೇಡ. ಹಲವು ಕಂಪನಿಗಳ ಹಾಸಿಗೆ ಇಡುವ ಅಂಗಡಿಯಲ್ಲಿ ಹೋಲಿಸುವುದು ಸುಲಭ, ಚೌಕಾಸಿಗೂ ಜಾಗ. ಅಲ್ಲಿ ಒಂದು ಆಟ ಗಮನಿಸಿ: ಒಂದೇ ಹಾಸಿಗೆ ಬೇರೆ ಬೇರೆ ಅಂಗಡಿಗಳಲ್ಲಿ ಬೇರೆ ಬೇರೆ ಹೆಸರು, ಬೇರೆ ಬಣ್ಣದ ಹೊದಿಕೆ ತೊಟ್ಟಿರುತ್ತದೆ. ಬೆಲೆ ಹೋಲಿಸಲು ಆಗದಿರಲಿ ಎಂದೇ ಹೀಗೆ. ಹೆಸರು ಬಿಟ್ಟು ಪದರಗಳ ದಪ್ಪ ಮತ್ತು ಡೆನ್ಸಿಟಿ ಬರೆದುಕೊಂಡರೆ ಆ ಆಟ ಅಲ್ಲಿಗೇ ನಿಲ್ಲುತ್ತದೆ.

ಹಾಸಿಗೆ ತಾವೇ ತಯಾರಿಸಿ ಕೊಡುವ ಸಣ್ಣ ಕಾರ್ಖಾನೆಗಳು ನನಗೆ ಹೆಚ್ಚು ಮೆಚ್ಚುಗೆ. ಮಂಚದ ಅಳತೆ ಮಾಮೂಲಿನದ್ದಲ್ಲದಿದ್ದರೆ ಇದೇ ದಾರಿ. ಗಂಡನಿಗೆ ಗಟ್ಟಿ, ಹೆಂಡತಿಗೆ ಮೆತ್ತನೆಯದು ಬೇಕಾದರೆ ಒಂದೇ ಹೊದಿಕೆಯೊಳಗೆ ಎರಡು ಬಗೆಯ ತುಂಡು ಜೋಡಿಸಿ ಕೊಡುತ್ತಾರೆ. ಒಂದು ಪದರ ಸವೆದರೆ ಅದನ್ನಷ್ಟೇ ಬದಲಿಸಬಹುದು. ಎಲ್ಲಕ್ಕಿಂತ ಮೇಲಾಗಿ, ಹೊಲಿಯುವ ಮೊದಲು ಫೋಮ್ ಕಣ್ಣೆದುರಿಗಿರುತ್ತದೆ. ಅಲ್ಲಿನ ತೊಂದರೆ ವಾರಂಟಿ: ಕಾಗದದಲ್ಲಿ ಇರುವುದಿಲ್ಲ, ಬಾಯಿಮಾತಿನಲ್ಲಿ ಇರುತ್ತದೆ. ಅಂಗಡಿ ಎಷ್ಟು ವರ್ಷದಿಂದ ಅದೇ ಜಾಗದಲ್ಲಿದೆ ಎಂಬುದೇ ಅಲ್ಲಿ ನಿಮಗೆ ಸಿಗುವ ಭರವಸೆ. ಕೊಡುವ ಫೋಮ್ ಯಾವ ತಯಾರಕರದ್ದು, ಡೆನ್ಸಿಟಿ ಎಷ್ಟು ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡುವವರಲ್ಲಿ ಕೊಳ್ಳಬೇಡಿ.

ಆನ್‌ಲೈನ್‌ನವರು ಪೆಟ್ಟಿಗೆಯಲ್ಲಿ ಸುತ್ತಿ ಕಳಿಸಿ, ಇಷ್ಟು ರಾತ್ರಿ ಮಲಗಿ ನೋಡಿ ಬೇಡವಾದರೆ ಹಿಂತಿರುಗಿಸಿ ಎನ್ನುತ್ತಾರೆ. ಅಂಗಡಿಯ ಹದಿನೈದು ನಿಮಿಷಕ್ಕಿಂತ ಅದು ದೊಡ್ಡ ಅನುಕೂಲ, ಒಪ್ಪಿಕೊಳ್ಳಲೇಬೇಕು. ಹಿಂತಿರುಗಿಸುವಾಗ ಸಾಗಣೆ ಖರ್ಚು ಯಾರದ್ದು, ಹಣ ವಾಪಸೋ ಬದಲಿ ಹಾಸಿಗೆಯೋ ಎಂದು ಓದಿಕೊಳ್ಳಿ. ಹತ್ತಿರದ ಅಂಗಡಿಯವರನ್ನೂ ಇದೇ ಕೇಳಿ: ‘ಒಂದು ತಿಂಗಳಲ್ಲಿ ಒಗ್ಗದಿದ್ದರೆ ಬೇರೆ ಗಟ್ಟಿತನದ್ದು ಬದಲಿಸಿ ಕೊಡುತ್ತೀರಾ?’ ಕೆಲವರು ಒಪ್ಪುತ್ತಾರೆ. ಕೇಳದವರಿಗೆ ಯಾರೂ ಕೊಡುವುದಿಲ್ಲ.

ಮಲಗಿ ನೋಡುವುದು ಹೇಗೆ

ಸಂಕೋಚ ಬಿಟ್ಟು ಮಲಗಬೇಕು. ಮನೆಯ ದಿಂಬನ್ನೇ ತೆಗೆದುಕೊಂಡು ಹೋಗಿ, ಏಕೆಂದರೆ ದಿಂಬಿನ ಎತ್ತರ ಬದಲಾದರೆ ಕತ್ತು ಹೇಳುವ ಮಾತೂ ಬದಲಾಗುತ್ತದೆ. ಚಪ್ಪಲಿ ಬಿಡಿ, ನೀವು ನಿತ್ಯ ಮಲಗುವ ಭಂಗಿಯಲ್ಲೇ ಒಂದೊಂದರ ಮೇಲೆ ಹತ್ತು ಹದಿನೈದು ನಿಮಿಷ ಇರಿ. ಮೊದಲ ಎರಡು ನಿಮಿಷಕ್ಕೆ ಎಲ್ಲವೂ ಸುಖವಾಗಿಯೇ ಇರುತ್ತದೆ. ಅಂಗಾತ ಮಲಗಿ ನಡುವಿನ ಕೆಳಗೆ ಅಂಗೈ ತೂರಿಸಿ. ಸಲೀಸಾಗಿ ಆಚೆಗೆ ಹೋದರೆ ಹಾಸಿಗೆ ನಿಮಗೆ ಗಟ್ಟಿಯಾಯಿತು. ತೂರಿಸಲೇ ಆಗದಿದ್ದರೆ ಮೆತ್ತಗಾಯಿತು. ಸ್ವಲ್ಪ ಬಿಗಿಯಾಗಿ ಹೋದರೆ ಸರಿ. ಮಗ್ಗುಲಾಗಿ ಮಲಗಿದಾಗ ಜೊತೆಗೆ ಬಂದವರು ಹಿಂದೆ ನಿಂತು ನೋಡಲಿ, ಕತ್ತಿನಿಂದ ಸೊಂಟದವರೆಗೆ ಬೆನ್ನೆಲುಬು ನೇರ ಗೆರೆಯಂತಿರಬೇಕು. ಜೋಡಿಯಾಗಿ ಮಲಗುವವರು ಜೋಡಿಯಾಗಿಯೇ ಹೋಗಬೇಕು. ಒಬ್ಬರು ಮಲಗಿ, ಇನ್ನೊಬ್ಬರು ಹೊರಳಿ ನೋಡಲಿ.

ಅಂಗಡಿಯ ಮಾದರಿ ಹಾಸಿಗೆ ಅದೆಷ್ಟೋ ಜನರ ಭಾರ ಹೊತ್ತು ಆಗಲೇ ಪಳಗಿರುತ್ತದೆ. ಮನೆಗೆ ಬರುವ ಹೊಸದು ಮೊದಲ ಕೆಲವು ವಾರ ಅದಕ್ಕಿಂತ ಗಟ್ಟಿ ಅನ್ನಿಸುತ್ತದೆ. ಎರಡು ಗಟ್ಟಿತನಗಳ ನಡುವೆ ತೂಗಾಡುತ್ತಿದ್ದರೆ ಇದು ನೆನಪಿರಲಿ. ಜೊತೆಗೆ, ಗಟ್ಟಿ ಹಾಸಿಗೆಯನ್ನು ಮೇಲೊಂದು ಟಾಪರ್, ಅಂದರೆ ತೆಳು ಮೆತ್ತೆಯ ಪದರ, ಹಾಕಿ ಮೆತ್ತಗೆ ಮಾಡಿಕೊಳ್ಳಬಹುದು, ಮೆತ್ತನೆಯದನ್ನು ಗಟ್ಟಿ ಮಾಡಲು ದಾರಿಯಿಲ್ಲ. ಅನುಮಾನ ಇದ್ದಾಗ ತುಸು ಗಟ್ಟಿಯ ಕಡೆಗೇ ವಾಲಿ.

ವಾರಂಟಿ ಎಂಬ ಸಣ್ಣಕ್ಷರ

ಹತ್ತು ವರ್ಷದ ವಾರಂಟಿ ಎಂದರೆ ಹತ್ತು ವರ್ಷ ಹಿತವಾಗಿರುತ್ತದೆ ಎಂಬ ಮಾತಲ್ಲ. ಸಾಮಾನ್ಯವಾಗಿ ಅದು ಅನ್ವಯಿಸುವುದು, ಮೇಲೆ ಯಾರೂ ಮಲಗಿಲ್ಲದಾಗ ಅಳೆದು ಇಂತಿಷ್ಟು ಆಳದ ತಗ್ಗು ಕಂಡರೆ ಮಾತ್ರ. ಹೆಚ್ಚಿನ ಕಡೆ ಈ ಮಿತಿ ಎರಡೂವರೆಯಿಂದ ನಾಲ್ಕು ಸೆಂ.ಮೀ. ಇರುತ್ತದೆ. ತಗ್ಗು ಅಷ್ಟಾಗುವ ಮೊದಲೇ ಬೆನ್ನಿಗೆ ಗೊತ್ತಾಗಿಬಿಟ್ಟಿರುತ್ತದೆ. ಕಲೆ ಬಿದ್ದಿದ್ದರೆ, ಮಂಚದ ಆಧಾರ ಸರಿಯಿಲ್ಲದಿದ್ದರೆ ವಾರಂಟಿ ರದ್ದು. ಹಲವು ಕಂಪನಿಗಳಲ್ಲಿ ಕೆಲವು ವರ್ಷದ ನಂತರ ಬದಲಿ ಹಾಸಿಗೆಗೆ ಒಂದು ಪಾಲು ನೀವೇ ಕಟ್ಟಬೇಕು, ವರ್ಷ ಕಳೆದಷ್ಟೂ ಆ ಪಾಲು ದೊಡ್ಡದು. ಎಷ್ಟು ವರ್ಷ ಪೂರ್ತಿ, ಎಷ್ಟು ವರ್ಷ ಪಾಲು ಎಂದು ಬಿಡಿಸಿ ಕೇಳಿ. ನೀರು ಇಳಿಯದ ರಕ್ಷಾ ಹೊದಿಕೆಯನ್ನು ಅದೇ ದಿನ ಕೊಳ್ಳುವುದು ಈ ಕಾರಣಕ್ಕೂ ಒಳ್ಳೆಯದು. ಸಾಧ್ಯವಾದರೆ ಅದನ್ನು ಚೌಕಾಸಿಯಲ್ಲೇ ಸೇರಿಸಿಕೊಳ್ಳಿ.

ಮಂಚದ ವಿಷಯ ಒಂದೇ ಸಾಲಿನಲ್ಲಿ: ಅಡ್ಡಪಟ್ಟಿಗಳ ನಡುವಿನ ಸಂದು ಏಳೆಂಟು ಸೆಂ.ಮೀ.ಗಿಂತ ಹೆಚ್ಚಿದ್ದರೆ ಒಳ್ಳೆಯ ಹಾಸಿಗೆಯೂ ಆ ಸಂದುಗಳಲ್ಲಿ ಇಳಿಯುತ್ತದೆ.

ಯಾರಿಗೆ ಯಾವುದು

ಬಜೆಟ್ ಬಿಗಿ, ಒಬ್ಬರೇ, ಒಂದೆರಡು ವರ್ಷದಲ್ಲಿ ಊರು ಬಿಡುವವರು: 28 ಡೆನ್ಸಿಟಿಯ ನಾಲ್ಕೈದು ಇಂಚಿನ ಫೋಮ್. ಹಗುರ, ಮಡಚಿ ಒಯ್ಯಬಹುದು. ಇದೇ ಬೆಲೆಗೆ ಎಂಟು ಇಂಚು ಕೊಡುತ್ತೇನೆ ಎಂದವರದ್ದು ಡೆನ್ಸಿಟಿ ಕಡಿಮೆ ಇರುತ್ತದೆ, ದಪ್ಪಕ್ಕೆ ಮರುಳಾಗಬೇಡಿ.

ಗಟ್ಟಿಯಾಗಿ, ತಂಪಾಗಿ ಇರಬೇಕು ಎಂದರೆ ಮೇಲೆ ಫೋಮ್ ಇರುವ ಕಾಯರ್, ಅಥವಾ ರೀಬಾಂಡೆಡ್ ಜೋಡಣೆ. ನಡುಬಜೆಟ್‌ನ ದಂಪತಿಗೆ ನಾನು ಹೇಳುವುದು ಎರಡರಲ್ಲೊಂದು: ಇಬ್ಬರಲ್ಲಿ ಯಾರಿಗಾದರೂ ಸೆಕೆ ಹೆಚ್ಚಾದರೆ ಮೇಲೆ ಎಚ್‌ಆರ್ ಫೋಮ್ ಇರುವ ಪಾಕೆಟ್ ಸ್ಪ್ರಿಂಗ್, ಭುಜ ಅಥವಾ ಸೊಂಟ ನೋಯುವವರಿದ್ದರೆ ಎಚ್‌ಆರ್ ತಳದ ಮೇಲೆ ತೆಳು ಮೆಮೊರಿ ಪದರ. ತೊಂಬತ್ತು ಕೆ.ಜಿ. ದಾಟಿದವರು ಇದ್ದರೆ 40 ಡೆನ್ಸಿಟಿಗಿಂತ ಕೆಳಗೆ ಇಳಿಯಬೇಡಿ, ಅಲ್ಲಿ ಉಳಿಸಲು ಹೋದರೆ ಹಾಸಿಗೆಯನ್ನೇ ಬೇಗ ಬದಲಿಸಬೇಕಾಗುತ್ತದೆ.

ಹಿರಿಯರಿಗೆ ಮಧ್ಯಮ ಗಟ್ಟಿಯ ಎಚ್‌ಆರ್ ಅಥವಾ ಲ್ಯಾಟೆಕ್ಸ್. ಹೊರಳಲು ಪುಟಿಯುವ ಹಾಸಿಗೆಯೇ ಸಹಾಯ. ಕೈಯಲ್ಲಿ ಹಣವಿದೆ, ಸ್ವಂತ ಮನೆಯಿದೆ, ಮತ್ತೆ ಮತ್ತೆ ಈ ತಲೆನೋವು ಬೇಡ ಎನ್ನುವವರು ಪೂರ್ತಿ ಲ್ಯಾಟೆಕ್ಸ್ ಕೊಳ್ಳಲಿ, ತಕ್ಕಡಿ ನೋಡಿ. ಬೆಳೆಯುವ ಮಕ್ಕಳಿಗೆ ದುಬಾರಿಯದು ಬೇಡ, 32 ಡೆನ್ಸಿಟಿಯ ಗಟ್ಟಿ ಫೋಮ್ ಸಾಕು. ಕೆಲವೇ ವರ್ಷಕ್ಕೆ ಅಳತೆಯೇ ಸಾಲದಾಗುತ್ತದೆ. ಧೂಳಿಗೆ ಸೀನುವವರು ಯಾವುದೇ ಕೊಂಡರೂ ಪೂರ್ತಿ ಮುಚ್ಚುವ ಜಿಪ್ ಹೊದಿಕೆ ಹಾಕಿ, ಮೇಲುಹಾಸನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಲಿ.

ಈ ಯಾವುದಕ್ಕೂ ಸದ್ಯ ಕೈ ಬಾರದು ಎಂದಾದರೆ, ಹಳೆಯ ಹಾಸಿಗೆಯಲ್ಲಿ ಗುಳಿ ಬಿದ್ದಿದೆಯೇ ನೋಡಿ. ಅಡ್ಡಕ್ಕೊಂದು ದಾರ ಬಿಗಿಯಾಗಿ ಎಳೆದು ಹಿಡಿದರೆ ತಗ್ಗಿನ ಆಳ ತಿಳಿಯುತ್ತದೆ. ತಗ್ಗಿಲ್ಲ, ಬರೀ ಗಟ್ಟಿ ಅನ್ನಿಸುತ್ತಿದೆ ಎಂದರೆ ಎರಡು ಇಂಚಿನ ಲ್ಯಾಟೆಕ್ಸ್ ಟಾಪರ್ ಇನ್ನೆರಡು ಮೂರು ವರ್ಷ ದೂಡಿಸುತ್ತದೆ. ತಗ್ಗಿದ್ದರೆ ಟಾಪರ್‌ಗೆ ದುಡ್ಡು ಸುರಿಯಬೇಡಿ, ಅದೂ ಅದೇ ತಗ್ಗಿನೊಳಕ್ಕೆ ಇಳಿದು ಕೂರುತ್ತದೆ.

ಹೊಸದು ಬಂದ ದಿನ, ಗಾಡಿಯವರು ಹೊರಡುವ ಮೊದಲೇ ಲೇಬಲ್ಲನ್ನು ಬಿಲ್ಲಿಗೆ ತಾಳೆ ನೋಡಿ, ಟೇಪು ಹಿಡಿದು ಉದ್ದ, ಅಗಲ, ದಪ್ಪ ಅಳೆಯಿರಿ. ಪ್ಲಾಸ್ಟಿಕ್ ಪೂರ್ತಿ ತೆಗೆದು ಒಂದೆರಡು ದಿನ ಕಿಟಕಿ ತೆರೆದಿಟ್ಟರೆ ಫೋಮಿನ ವಾಸನೆ ಹೋಗುತ್ತದೆ. ಮೂರು ತಿಂಗಳಿಗೊಮ್ಮೆ ತಲೆಯ ಕಡೆಯದನ್ನು ಕಾಲಿನ ಕಡೆಗೆ ತಿರುಗಿಸಿ ಹಾಕಿ. ಮೇಲೆ ಕೆಳಗೆ ಮಗುಚುವುದು ಎರಡೂ ಮುಖ ಒಂದೇ ರೀತಿ ಇರುವ ಹಾಸಿಗೆಗೆ ಮಾತ್ರ.